ನಾಲ್ಕಕ್ಷರದ ಸದ್ದು: ಸೂಪರ್‌ಹೀರೋ ಕಾಮಿಕ್ಸ್ ಸಿನಿಮಾ ಆಗುವಾಗ ನಿಜವಾಗಿ ಬದಲಾಗುವುದೇನು?

ತಡವಾಗಿ ಓದಿದವನು (ಚರ್ಚೆ ಆರಂಭಿಸಿದವರು)

ನಾನು ಮೊದಲು ಸಿನಿಮಾ ನೋಡಿ, ಆಮೇಲೆ ಕಾಮಿಕ್ಸ್ ಹಿಡಿದವನು. ಇಲ್ಲಿರುವ ಅರ್ಧ ಜನರದ್ದೂ ಅದೇ ದಾರಿ ಇರಬೇಕು. 2014ರಲ್ಲಿ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2’ ನೋಡುವಾಗ, ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ಗಡಿಯಾರದ ಗೋಪುರದೊಳಗೆ ಬೀಳುವ ದೃಶ್ಯದಲ್ಲಿ ಕುರ್ಚಿಯ ಕೈ ಹಿಡಿದು ಕೂತಿದ್ದೆ. ಅದರ ಮೂಲ ಸಂಚಿಕೆಯ ಮರುಮುದ್ರಣ ನನ್ನ ಕೈಗೆ ಬಂದದ್ದು ಕಳೆದ ತಿಂಗಳು. 1973ರ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’, 121ನೆಯ ಸಂಚಿಕೆ. ಕಥೆ ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್.

ಖಳನಾಯಕ ಗ್ರೀನ್ ಗಾಬ್ಲಿನ್ ಅವಳನ್ನು ಸೇತುವೆಯ ಮೇಲಿನಿಂದ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ಬಿಟ್ಟ ಎಳೆ ಹೋಗಿ ಅವಳ ಕಾಲಿಗೆ ಅಂಟಿಕೊಳ್ಳುತ್ತದೆ. ಅವನು ಮೇಲಕ್ಕೆ ಎಳೆದುಕೊಳ್ಳುತ್ತ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಾನೆ, ನೋಡಿ ಹೇಗೆ ಉಳಿಸಿದೆ ಎಂಬಂತೆ. ಅವಳು ಮಾತನಾಡುವುದಿಲ್ಲ. ನಾನು ಪುಟ ತಿರುಗಿಸಿ ಮುಂದೆ ಹೋದೆ. ಹೋದ ಮೇಲೆ ಏನೋ ತಪ್ಪಿದ ಹಾಗೆ ಅನಿಸಿ ಹಿಂದಕ್ಕೆ ಬಂದೆ. ಎಳೆ ಬಿಗಿಯುವ ಚೌಕಟ್ಟಿನಲ್ಲಿ, ಅವಳ ಕುತ್ತಿಗೆಯ ಪಕ್ಕದಲ್ಲಿ, ಸಣ್ಣದಾಗಿ ಒಂದು ಸದ್ದು ಬರೆದಿದೆ: ‘ಸ್ನ್ಯಾಪ್’. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಒಣ ಕಡ್ಡಿ ಲಟಕ್ಕನೆ ಮುರಿದಷ್ಟು.

ಆ ನಾಲ್ಕು ಅಕ್ಷರಗಳನ್ನು ನೋಡಿದ ಮೇಲೆ ಕಥೆಯೇ ಬೇರೆಯಾಯಿತು. ಬಿದ್ದದ್ದರಿಂದ ಸತ್ತಳೋ, ಹಿಡಿದದ್ದರಿಂದ ಸತ್ತಳೋ? ಸಿನಿಮಾದಲ್ಲಿ ಈ ಗೊಂದಲ ನನ್ನನ್ನು ಇಷ್ಟು ಕಾಡಿರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಯಾವ ಪಾತ್ರ ಬಿಟ್ಟರು, ಯಾವ ಉಡುಪು ಬದಲಿಸಿದರು ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಅದರಾಚೆಗೆ ಕಾಮಿಕ್ಸ್‌ನಿಂದ ಸಿನಿಮಾಕ್ಕೆ ಬರುವಾಗ ನಿಜವಾಗಿ ಏನು ಬದಲಾಗುತ್ತದೆ? ಬಲೆ ಮೈಯಿಂದ ಬರಬೇಕೋ ಯಂತ್ರದಿಂದ ಬರಬೇಕೋ ಎಂಬ ಜಗಳ ಮಾತ್ರ ದಯವಿಟ್ಟು ಬೇಡ.

ಯಂತ್ರದ ಪಕ್ಷ

ಬೇಡ ಎಂದಿರಿ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಕಟ್ಟಿದ ಪೀಟರ್ ಪಾರ್ಕರ್, ಅಂದರೆ ಮುಖವಾಡದೊಳಗಿನ ಸ್ಪೈಡರ್‌ಮ್ಯಾನ್, ವಿಜ್ಞಾನ ಓದುವ ಹುಡುಗ. ಜೇಡ ಕಚ್ಚಿ ಗೋಡೆ ಹತ್ತುವ ಶಕ್ತಿ ಬಂದರೂ ಬಲೆಯನ್ನು ಅವನೇ ತಯಾರಿಸಿಕೊಳ್ಳಬೇಕಾಯಿತು. ಅಂಟುದ್ರವವನ್ನು ತಾನೇ ಕಂಡುಹಿಡಿದ, ಮಣಿಕಟ್ಟಿನ ಯಂತ್ರವನ್ನೂ ತಾನೇ ಮಾಡಿದ. ಆ ದ್ರವ ಹೊಡೆದಾಟದ ನಡುವೆ ಮುಗಿದುಹೋಗುತ್ತದೆ. ತಿಂಗಳ ಕೊನೆಯಲ್ಲಿ ಅವನ ಮನೆಯ ದುಡ್ಡು ಮುಗಿದುಹೋಗುವ ಹಾಗೆ. 2002ರ ಸ್ಯಾಮ್ ರೈಮಿ ಸಿನಿಮಾದಲ್ಲಿ ಅದು ದೇಹದಿಂದಲೇ ಹೊಮ್ಮಿತು. ಅದಕ್ಕೂ ಮುಂಚೆ ಜೇಮ್ಸ್ ಕ್ಯಾಮರೂನ್ ಈ ಸಿನಿಮಾಕ್ಕೆ ಬರೆದಿಟ್ಟ ಕರಡಿನಲ್ಲಿದ್ದ ಯೋಚನೆ ಅದು. ಒಂದರಲ್ಲಿ ಬಲೆ ಬಡ ಹುಡುಗನ ಕೈಕೆಲಸ, ಇನ್ನೊಂದರಲ್ಲಿ ಹರೆಯಕ್ಕೆ ಬರುತ್ತಿರುವ ಮೈಯ ಗಾಬರಿ. ಸಣ್ಣ ಬದಲಾವಣೆ ಎಂದು ತಳ್ಳಿಹಾಕಬೇಡಿ.

ತಮಾಷೆ ಏನೆಂದರೆ, ಸಿನಿಮಾ ಗೆದ್ದ ಮೇಲೆ 2004ರಲ್ಲಿ ಕಾಮಿಕ್ಸ್‌ನವರೂ ಅವನಿಗೆ ಮೈಯಿಂದ ಬರುವ ಬಲೆ ಕೊಟ್ಟರು. ಮಗನ ಅಂಗಿಯನ್ನು ಅಪ್ಪ ತೊಟ್ಟ ಹಾಗೆ.

ನದಿಯಾಚೆಯವನು

ನಾನು ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿದ್ದೇನೆ. ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಮನೆಯಿಂದ ನಡೆದೇ ಹೋಗಬಹುದು. ನಮ್ಮ ಮಾವ ಊರಿನಿಂದ ಬಂದಿದ್ದಾಗ ಅವರನ್ನು ಪ್ರತಿ ಸಂಜೆ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ.

121ನೆಯ ಸಂಚಿಕೆಯಲ್ಲಿ ಬರೆದಿರುವುದು ಜಾರ್ಜ್ ವಾಷಿಂಗ್ಟನ್ ಸೇತುವೆ ಎಂದು. ಚಿತ್ರ ನೋಡಿದರೆ ಕಲ್ಲಿನ ಗೋಪುರ. ನಮ್ಮ ಸೇತುವೆಯ ಗೋಪುರಗಳು ಬರಿಯ ಉಕ್ಕಿನ ಹಂದರ, ಕಲ್ಲಿನ ಹೊದಿಕೆ ಅದಕ್ಕೆ ಹಾಕಲೇ ಇಲ್ಲ. ಕೇನ್ ಚಿತ್ರಿಸಿದ್ದು ಬ್ರೂಕ್ಲಿನ್ ಸೇತುವೆಯನ್ನು. ಚಿತ್ರಕಾರನದು ಒಂದು ಸೇತುವೆ, ಬರಹಗಾರನದು ಇನ್ನೊಂದು. ಅಚ್ಚಿಗೆ ಹೋಗುವ ಆತುರದಲ್ಲಿ ಯಾರೂ ತಾಳೆ ನೋಡಲಿಲ್ಲ. ತಿಂಗಳಿಗೊಂದು ಸಂಚಿಕೆ ಹೊರಬರಬೇಕಾದ ಕಡೆ ಇಂಥದ್ದು ಆಗುತ್ತದೆ.

2002ರ ಸಿನಿಮಾ ಇದೇ ದೃಶ್ಯವನ್ನು ಕ್ವೀನ್ಸ್‌ಬರೊ ಸೇತುವೆಗೆ ಒಯ್ದಿತು, ಗ್ವೆನ್ ಜಾಗಕ್ಕೆ ಪೀಟರ್‌ನ ಇನ್ನೊಬ್ಬ ಪ್ರೇಯಸಿ ಮೇರಿ ಜೇನಳನ್ನು ತಂದಿತು, ಜೊತೆಗೆ ಮಕ್ಕಳು ತುಂಬಿದ ತೂಗುಬಂಡಿಯನ್ನೂ ಇಟ್ಟಿತು. ಎಲ್ಲರೂ ಉಳಿದರು. 2014ರ ಸಿನಿಮಾ ಸೇತುವೆಯನ್ನು ಬಿಟ್ಟು ಸಾವನ್ನು ಮಾತ್ರ ತೆಗೆದುಕೊಂಡಿತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಹಾಗಾಯಿತು.

ಕತ್ತರಿ ಕೆಲಸ

ನನ್ನ ಹೊಟ್ಟೆಪಾಡು ಸಂಕಲನ. ಧಾರಾವಾಹಿ, ಸಾಕ್ಷ್ಯಚಿತ್ರ, ಮದುವೆ ವಿಡಿಯೋ, ಸಿಕ್ಕಿದ್ದೆಲ್ಲ ಕತ್ತರಿಸಿದ್ದೇನೆ. ಹಾಗಾಗಿ ಈ ಪ್ರಶ್ನೆಗೆ ನನ್ನ ಮೇಜಿನ ಮುಂದೆ ಕೂತೇ ಉತ್ತರ ಹೇಳುತ್ತೇನೆ.

ಬದಲಾಗುವುದು ಕಾಲ. ಕಥೆಯೊಳಗಿನ ಕಾಲವಲ್ಲ, ಅದನ್ನು ಯಾರು ನಡೆಸುತ್ತಾರೆ ಎನ್ನುವುದು.

ಕಾಮಿಕ್ಸ್‌ನಲ್ಲಿ ಎರಡು ಚೌಕಟ್ಟುಗಳ ನಡುವೆ ಬಿಳಿಯ ಗೆರೆಯಷ್ಟು ಜಾಗ ಇರುತ್ತದೆ. ಮೊದಲ ಚೌಕಟ್ಟಿನಲ್ಲಿ ಕೈ ಎತ್ತಿದ್ದಾನೆ, ಎರಡನೆಯದರಲ್ಲಿ ಎದುರಾಳಿ ಬಿದ್ದಿದ್ದಾನೆ. ಹೊಡೆತ ಬಿದ್ದದ್ದು ಆ ಬಿಳಿ ಜಾಗದಲ್ಲಿ, ಹೊಡೆದವರು ನೀವು. ‘ತಡವಾಗಿ ಓದಿದವನು’ ಅವರು ಮುಂದೆ ಹೋಗಿ ಹಿಂದೆ ಬಂದೆ ಎಂದರಲ್ಲ, ಅಲ್ಲೇ ಇದೆ ಉತ್ತರ. ಆ ಸದ್ದು 1973ರಿಂದ ಆ ಪುಟದಲ್ಲಿ ಸುಮ್ಮನೆ ಕೂತಿತ್ತು. ನೀವು ಕಂಡ ದಿನ ಅದು ಕೇಳಿಸಿತು. ಕಾಣದಿದ್ದವರಿಗೆ ಇನ್ನೂ ಕೇಳಿಸಿಲ್ಲ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಪ್ರೇಕ್ಷಕನ ಕೈಯಲ್ಲಿ ಏನೂ ಇಲ್ಲ. ಆ ಸದ್ದನ್ನು ಹಾಕಬೇಕೋ ಬೇಡವೋ, ಹಾಕಿದರೆ ಎಷ್ಟು ಜೋರಾಗಿ, ಅದು ಕುತ್ತಿಗೆಯ ಸದ್ದೋ ನೆಲಕ್ಕೆ ತಲೆ ಬಡಿದ ಸದ್ದೋ, ಎಲ್ಲವನ್ನೂ ಯಾರೋ ಒಬ್ಬರು ಮೊದಲೇ ತೀರ್ಮಾನಿಸಬೇಕು. 2014ರ ಸಿನಿಮಾದ ನಿರ್ದೇಶಕ ಮಾರ್ಕ್ ವೆಬ್ ತೀರ್ಮಾನಿಸಿದರು. ಗತಿ ನಿಧಾನ ಮಾಡಿದರು, ಎಳೆಯ ತುದಿ ಚಾಚಿದ ಅಂಗೈಯಂತೆ ಬಿಚ್ಚಿಕೊಳ್ಳುವ ಹಾಗೆ ಮಾಡಿದರು, ತಲೆ ನೆಲಕ್ಕೆ ತಾಗಿದ ಸದ್ದನ್ನು ಇಟ್ಟರು. ಹಿನ್ನೆಲೆಯಲ್ಲಿ ಗಡಿಯಾರದ ಮುಳ್ಳು 1:21ಕ್ಕೆ ನಿಲ್ಲುತ್ತದೆ, ಸಂಚಿಕೆಯ ಸಂಖ್ಯೆಗೆ ಒಂದು ನಮಸ್ಕಾರ. ಅವಳು ತೊಟ್ಟ ಹಸಿರು ಕೋಟು, ನೇರಳೆ ಲಂಗ ಕೂಡ ಕಾಮಿಕ್ಸ್‌ನದೇ. ಇಷ್ಟೆಲ್ಲ ಭಕ್ತಿ ತೋರಿಸಿಯೂ ಆ ಪುಟದಲ್ಲಿದ್ದ ಅನುಮಾನ ಮಾತ್ರ ತೆಳ್ಳಗಾಯಿತು. ಅವರ ತಪ್ಪು ಎನ್ನುತ್ತಿಲ್ಲ. ನನ್ನನ್ನು ಅಲ್ಲಿ ಕೂರಿಸಿದ್ದರೆ ನಾನೂ ಸದ್ದು ಹಾಕುತ್ತಿದ್ದೆ. ಹಾಕದಿದ್ದರೆ ನಿರ್ಮಾಪಕರು ಹಾಕಿಸುತ್ತಿದ್ದರು.

ಇನ್ನೊಂದು ವಿಷಯ. 121ನೆಯ ಸಂಚಿಕೆಯಲ್ಲಿ ಕಥೆಯ ಹೆಸರು ಮೊದಲ ಪುಟದಲ್ಲಿಲ್ಲ, ಕೊನೆಯ ಪುಟದಲ್ಲಿದೆ. ‘ಗ್ವೆನ್ ಸ್ಟೇಸಿ ಸತ್ತ ರಾತ್ರಿ’ ಎಂದು ಮೊದಲೇ ಬರೆದರೆ ಓದುವುದಕ್ಕೆ ಏನು ಉಳಿಯುತ್ತದೆ! ಪುಟ ತಿರುಗಿಸುವುದನ್ನೇ ನಂಬಿ ಮಾಡಿದ ಯುಕ್ತಿ ಅದು.

ಯಂತ್ರದ ಪಕ್ಷ

‘ಕತ್ತರಿ ಕೆಲಸ’ ಅವರಿಗೆ ಒಂದು ಪುರವಣಿ. ಅದೇ ಸಂಚಿಕೆಯಲ್ಲಿ ಗಾಬ್ಲಿನ್ ಹೇಳುತ್ತಾನೆ, ಅಷ್ಟು ಎತ್ತರದಿಂದ ಬಿದ್ದವರು ನೆಲ ಮುಟ್ಟುವ ಮೊದಲೇ ಸಾಯುತ್ತಾರೆ ಎಂದು. ಅಂದರೆ ಕಥೆಯೊಳಗಿನ ತೀರ್ಪು ಬಲೆಯ ಕಡೆಗಿಲ್ಲ. ಆದರೆ ಆ ಸದ್ದು ಬೇರೆಯದನ್ನು ಹೇಳುತ್ತಿದೆ. ಓದುಗರು ಪತ್ರ ಬರೆದು ಪೀಡಿಸಿದರು. ಕೆಲವು ಸಂಚಿಕೆಗಳ ನಂತರ ಓದುಗರ ಪತ್ರಗಳ ಪುಟದಲ್ಲಿ ಸಂಪಾದಕರು ಒಪ್ಪಿಕೊಂಡರು: ಬಲೆ ಥಟ್ಟನೆ ತಡೆದಾಗ ಬಿದ್ದ ಜಗ್ಗಿಗೇ ಅವಳು ಸತ್ತದ್ದು. ಸಿನಿಮಾಕ್ಕೆ ಇಂಥ ಪತ್ರಗಳ ಪುಟ ಎಲ್ಲಿಂದ ಬರಬೇಕು?

ಕಿಟ್ಟಿಯ ವಕೀಲೆ

ಕಾಲ, ಚೌಕಟ್ಟು ಎಲ್ಲ ಚೆನ್ನಾಗಿದೆ. ನನ್ನ ದೂರು ಸರಳ. ಹೆಂಗಸರ ಕಥೆಯನ್ನು ಎತ್ತಿ ಗಂಡಸರಿಗೆ ಕೊಡುವುದೂ ಒಂದು ಬದಲಾವಣೆ, ಅದಕ್ಕೆ ಯಾವ ಮಾಧ್ಯಮದ ನೆಪವೂ ಬೇಕಿಲ್ಲ.

‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ 1981ರಲ್ಲಿ ಎಕ್ಸ್‌ಮೆನ್ ಕಾಮಿಕ್ಸ್‌ನ 141 ಮತ್ತು 142ನೆಯ ಸಂಚಿಕೆಗಳಲ್ಲಿ ಬಂತು. ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಮಾಡಿದ್ದು. ಎರಡೇ ಸಂಚಿಕೆ! ಹಾಳಾದ ಭವಿಷ್ಯದಲ್ಲಿ ಬದುಕಿರುವ ನಡುವಯಸ್ಸಿನ ಕಿಟ್ಟಿ ಪ್ರೈಡ್‌ಳ ಮನಸ್ಸು ಹಿಂದಕ್ಕೆ ಬಂದು ಹದಿಹರೆಯದ ಕಿಟ್ಟಿಯ ಮೈಯೊಳಗೆ ಇಳಿಯುತ್ತದೆ. ತಂಡದಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು, ಹೊಸಬಳು. ಅವಳ ಮಾತನ್ನು ಯಾರು ನಂಬಬೇಕು? ಕಥೆಯ ಜೀವ ಇರುವುದು ಅಲ್ಲಿ.

2014ರ ಸಿನಿಮಾದಲ್ಲಿ ಹಿಂದಕ್ಕೆ ಹೋದವನು ಅದೇ ತಂಡದ ವುಲ್ವರಿನ್. ಕಿಟ್ಟಿ ಏನು ಮಾಡುತ್ತಾಳೆ? ಅವನ ತಲೆಯ ಬಳಿ ಕೈ ಇಟ್ಟುಕೊಂಡು ಸಿನಿಮಾ ಪೂರ್ತಿ ಕೂತಿರುತ್ತಾಳೆ, ಜ್ವರ ಬಂದ ಮಗುವಿಗೆ ಒದ್ದೆ ಬಟ್ಟೆ ಹಾಕುವ ತಾಯಿಯಂತೆ.

ಹಾದಿಹೋಕ

ಮೇಡಂ, ಸಿನಿಮಾದಲ್ಲಿ ಅವರು ಹೋಗುವುದು 1973ಕ್ಕೆ. ಆಗ ಕಿಟ್ಟಿ ಹುಟ್ಟಿರಲೇ ಇಲ್ಲ. ಅಷ್ಟು ಹಿಂದಕ್ಕೆ ಹೋದರೆ ಗಾಯ ತಾನೇ ಮಾಯುವ ವುಲ್ವರಿನ್‌ನ ಮಿದುಳು ಮಾತ್ರ ತಾಳುತ್ತದೆ ಎಂದು ಕಾರಣವನ್ನೂ ಹೇಳಿದ್ದಾರೆ.

ಕಿಟ್ಟಿಯ ವಕೀಲೆ

1973 ಎಂದು ಪಂಚಾಂಗ ನೋಡಿ ಯಾರಾದರೂ ಅವರಿಗೆ ಮುಹೂರ್ತ ಇಟ್ಟುಕೊಟ್ಟಿದ್ದರೇ? ಇಸವಿಯನ್ನು ಆರಿಸಿದವರು ಅವರೇ, ಕಾರಣ ಹೊಸೆದವರೂ ಅವರೇ. ಹಣೆಗೆ ಕೈ ಇಟ್ಟು ಇನ್ನೊಬ್ಬರನ್ನು ಕಾಲದ ಹಿಂದಕ್ಕೆ ಕಳಿಸುವ ಶಕ್ತಿ ಕಾಮಿಕ್ಸ್‌ನ ಕಿಟ್ಟಿಗೆ ಇರಲಿಲ್ಲ. ಅವಳನ್ನು ಕೂರಿಸುವುದಕ್ಕಾಗಿಯೇ ಹೊಸ ಶಕ್ತಿ ಕೊಟ್ಟರು. ವುಲ್ವರಿನ್ ಆಗಿ ಹ್ಯೂ ಜಾಕ್‌ಮನ್ ಭಿತ್ತಿಚಿತ್ರದಲ್ಲಿದ್ದರೆ ಟಿಕೆಟ್ ಹೋಗುತ್ತದೆ ಎಂದು ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ಅಂದಹಾಗೆ, ಕಾಮಿಕ್ಸ್‌ನಲ್ಲಿ ಆ ದೂರದ ಭಯಂಕರ ಭವಿಷ್ಯ ಯಾವ ಇಸವಿ ಗೊತ್ತೇ? 2013. ಸಿನಿಮಾ ಬರುವ ಹೊತ್ತಿಗೆ ಅದು ಹೋದ ವರ್ಷವಾಗಿತ್ತು.

ಹಾದಿಹೋಕ

ಸೋತೆ.

ಕರಾರುಪತ್ರ

ಇಲ್ಲಿ ಯಾರೂ ದುಡ್ಡಿನ ಮಾತು ಎತ್ತಿಲ್ಲ. ಎತ್ತುತ್ತೇನೆ.

ಮಾರ್ವೆಲ್ 1996ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಕಷ್ಟದ ವರ್ಷಗಳ ಆಸುಪಾಸಿನಲ್ಲಿ ಪಾತ್ರಗಳ ಸಿನಿಮಾ ಹಕ್ಕು ಒಂದೊಂದಾಗಿ ಹೊರಗೆ ಹೋಯಿತು. ಎಕ್ಸ್‌ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ ಫಾಕ್ಸ್ ಪಾಲಾದವು, ಸ್ಪೈಡರ್‌ಮ್ಯಾನ್ ಸೋನಿ ಪಾಲಾದ. ಆಮೇಲೆ ಮಾರ್ವೆಲ್ ತಾನೇ ಸಿನಿಮಾ ಮಾಡಲು ಹೊರಟಾಗ ಮನೆಯಲ್ಲಿ ಉಳಿದಿದ್ದ ಪಾತ್ರೆಗಳಲ್ಲೇ ಅಡುಗೆ ಮಾಡಬೇಕಾಯಿತು. 2008ರಲ್ಲಿ ‘ಐರನ್ ಮ್ಯಾನ್’ ಮೊದಲು ಬಂದದ್ದು ಅವನು ಎಲ್ಲರ ಕಣ್ಮಣಿ ಎಂದಲ್ಲ, ಉಳಿದಿದ್ದವರಲ್ಲಿ ಅವನಿದ್ದ ಎಂದು.

ಇದರ ಗುರುತು ಕಥೆಯ ಮೈಮೇಲೆಲ್ಲ ಇದೆ. ಕಾಮಿಕ್ಸ್‌ನಲ್ಲಿ ದಶಕಗಳ ಕಾಲ ಅವಳಿಗಳಾದ ವಾಂಡಾ ಮತ್ತು ಪಿಯೆತ್ರೋ ಮ್ಯೂಟೆಂಟ್‌ಗಳು, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರು, ಎಕ್ಸ್‌ಮೆನ್‌ನ ಎದುರಾಳಿ ಮ್ಯಾಗ್ನೆಟೋನ ಮಕ್ಕಳು. ಮಾರ್ವೆಲ್ ತಾನೇ ಮಾಡಿದ 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ಮ್ಯೂಟೆಂಟ್ ಎಂಬ ಪದವನ್ನು ಬಾಯಿಗೆ ತರುವಂತಿರಲಿಲ್ಲ, ಅದು ಫಾಕ್ಸ್ ಮನೆಯ ಪದ. ಹಾಗಾಗಿ ಪ್ರಯೋಗಾಲಯದಲ್ಲಿ ಶಕ್ತಿ ಪಡೆದವರಾದರು. ಅದರ ಹಿಂದಿನ ವರ್ಷವೇ ಫಾಕ್ಸ್ ಸಿನಿಮಾದಲ್ಲಿ ಅದೇ ಪಿಯೆತ್ರೋ ಬೇರೆ ನಟನ ಮುಖದಲ್ಲಿ ಓಡಿದ್ದ. ಪಾತ್ರ ಒಂದು, ಮನೆ ಎರಡು, ತಂದೆ ಯಾರು ಎಂಬುದು ವಕೀಲರಿಗೆ ಬಿಟ್ಟದ್ದು.

ಖಳನಾಯಕ ಥಾನೋಸ್ ಕಥೆಯನ್ನೇ ನೋಡಿ. 1991ರ ‘ಇನ್ಫಿನಿಟಿ ಗಾಂಟ್ಲೆಟ್’ನಲ್ಲಿ ಜಿಮ್ ಸ್ಟಾರ್ಲಿನ್ ಅವನಿಗೆ ಕೊಟ್ಟ ಕಾರಣ ಪ್ರೇಮ. ಮೃತ್ಯು ಅಲ್ಲಿ ಹೆಣ್ಣಿನ ರೂಪದಲ್ಲಿ ಪಕ್ಕದಲ್ಲೇ ನಿಂತಿರುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಅವಳನ್ನು ಮೆಚ್ಚಿಸಲು ಅವನು ಅರ್ಧ ವಿಶ್ವವನ್ನು ಅಳಿಸುತ್ತಾನೆ. ಆ ಕಥೆಯಲ್ಲಿ ದೊಡ್ಡ ಪಾತ್ರವಿದ್ದ ಸಿಲ್ವರ್ ಸರ್ಫರ್ ಸಿನಿಮಾದಲ್ಲಿ ಇಲ್ಲ, ಕಾರಣ ಅದೇ ಹಕ್ಕು. 2018ರ ಸಿನಿಮಾದಲ್ಲಿ ಥಾನೋಸ್ ಜನಸಂಖ್ಯೆ, ಸಂಪನ್ಮೂಲ ಎಂದು ಲೆಕ್ಕ ಹೇಳುತ್ತಾನೆ. ನನಗೆ ಪ್ರೇಮಿಯೇ ಇಷ್ಟ. ಹುಚ್ಚಿನಲ್ಲಿ ಒಂದು ಮರ್ಯಾದೆ ಇತ್ತು. ಸಿನಿಮಾದವನು ತಾಲ್ಲೂಕು ಕಚೇರಿಯಲ್ಲಿ ಪಡಿತರ ಚೀಟಿ ಪರಿಶೀಲಿಸುವವನ ಹಾಗೆ ಮಾತನಾಡುತ್ತಾನೆ.

ನದಿಯಾಚೆಯವನು

ಪ್ರೇಮಿ ಥಾನೋಸ್ ಪರದೆಯ ಮೇಲೆ ಬಂದಿದ್ದರೆ ಚಿತ್ರಮಂದಿರದಲ್ಲಿ ಜನ ನಗುತ್ತಿದ್ದರು. ಲೆಕ್ಕ ಹೇಳುವವನನ್ನು ಕಂಡು ನಮ್ಮ ಕಚೇರಿಯ ಕೆಲವರು ‘ಅವನ ಮಾತಿನಲ್ಲೂ ಅರ್ಥವಿದೆ’ ಎಂದು ಊಟದ ಹೊತ್ತಿನಲ್ಲಿ ವಾದಿಸಿದರು. ಅದು ನನಗೆ ಹೆಚ್ಚು ಭಯ ಹುಟ್ಟಿಸಿತು.

ಪಂಪನ ಕಡೆಯವನು

ಮೂಲಕ್ಕೆ ನಿಷ್ಠೆ ಎಂಬ ಮಾತನ್ನು ಕನ್ನಡದವರು ಇಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದು ನನಗೆ ಸೋಜಿಗ. ನಮ್ಮ ಆದಿಕವಿ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ವ್ಯಾಸನ ಅಭಿಮಾನಿಗಳು ಯಾರೂ ಕೂಗಾಡಿದ ದಾಖಲೆ ಇಲ್ಲ.

ಕರಾರುಪತ್ರ

ಕೂಗಾಡಿಲ್ಲ ಸರಿ. ಪಂಪ ಹಾಗೆ ಬರೆದದ್ದು ಅರ್ಜುನನನ್ನು ತನ್ನ ದೊರೆ ಅರಿಕೇಸರಿಗೆ ಸಮೀಕರಿಸಿದ್ದರಿಂದ. ಆಶ್ರಯದಾತನ ಹೆಂಡತಿಯನ್ನು ಐವರಿಗೆ ಹಂಚುವುದು ಹೇಗೆ? ಅದೂ ನಿರ್ಮಾಪಕರ ಒತ್ತಾಯವೇ, ಸ್ವಾಮಿ.

ಪಂಪನ ಕಡೆಯವನು

ಆದರೂ ಕರ್ಣನನ್ನು ಪಂಪ ಎಲ್ಲಿಗೆ ಏರಿಸಿದ ನೋಡಿ. ಒತ್ತಾಯ ಅರ್ಜುನನಿಗಾಗಿ ಇತ್ತು, ಮನಸ್ಸು ಕರ್ಣನಿಗಾಗಿ ಮಿಡಿಯಿತು. ಇಂಥ ಕಳ್ಳದಾರಿ ಯಾವ ಸೂಪರ್‌ಹೀರೋ ಸಿನಿಮಾದಲ್ಲಿದೆ ಹೇಳಿ, ನೋಡುತ್ತೇನೆ.

ನಿರ್ವಾಹಕರು

ನಿರ್ದೇಶಕ ಝ್ಯಾಕ್ ಸ್ನೈಡರ್ ಒಳ್ಳೆಯವರೋ ಕೆಟ್ಟವರೋ ಎಂಬ 14 ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ. ಇಲ್ಲಿ ಉಳಿಸಿರುವುದು ವಿಷಯಕ್ಕೆ ಸಂಬಂಧಿಸಿದ ಎರಡನ್ನು ಮಾತ್ರ.

ಒಂಬತ್ತು ಮನೆ

‘ವಾಚ್‌ಮೆನ್’ 1986ರಿಂದ 87ರವರೆಗೆ 12 ಸಂಚಿಕೆಗಳಲ್ಲಿ ಬಂತು. ಬರಹ ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್. ಪುಟಕ್ಕೆ ಒಂಬತ್ತು ಚೌಕಟ್ಟು ಎಂಬ ಲೆಕ್ಕವನ್ನು ಇಡೀ ಕಥೆಯಲ್ಲಿ ಬಿಡದೆ ಪಾಲಿಸಿದ್ದಾರೆ. ಎರಡು ಮನೆ ಸೇರಿಸುತ್ತಾರೆ, ಮೂರು ಸೇರಿಸುತ್ತಾರೆ, ಆದರೆ ಹಂದರ ಕದಲುವುದಿಲ್ಲ. ಹನ್ನೊಂದು ಸಂಚಿಕೆ ಹೀಗೆ ಸರಳುಗಳ ಹಿಂದಿನಿಂದ ನೋಡಿಸಿ, ಹನ್ನೆರಡನೆಯದನ್ನು ತೆರೆದರೆ ಮೊದಲ ಆರು ಪುಟ ಒಂದೊಂದೂ ಪೂರ್ತಿ ಚಿತ್ರ. ನ್ಯೂಯಾರ್ಕಿನ ರಸ್ತೆ ತುಂಬ ಹೆಣ. ಪುಟ ತಿರುಗಿಸಲು ಕೈ ಬರುವುದಿಲ್ಲ. ಆ ಹೆಣಗಳಲ್ಲಿ ಪತ್ರಿಕೆ ಮಾರುವವನಿದ್ದಾನೆ, ಅವನ ಅಂಗಡಿಯ ಪಕ್ಕ ಕೂತು ಪುಕ್ಕಟೆಯಾಗಿ ಕಾಮಿಕ್ಸ್ ಓದುತ್ತಿದ್ದ ಹುಡುಗನಿದ್ದಾನೆ. ತಿಂಗಳುಗಟ್ಟಲೆ ಅದೇ ಮೂಲೆಯಲ್ಲಿ ಅವರ ಹರಟೆ ಕೇಳಿಸಿಕೊಂಡು ಬಂದ ಓದುಗನಿಗೆ ಅದು ಪರಿಚಯದವರ ಮನೆಯ ಸಾವು.

ಸ್ನೈಡರ್ ನಿರ್ದೇಶಿಸಿದ 2009ರ ಸಿನಿಮಾ ಎಷ್ಟೋ ಚೌಕಟ್ಟುಗಳನ್ನು ಪಡಿಯಚ್ಚಿನಂತೆ ಪರದೆಗೆ ತಂದಿದೆ, ಕೋನ ಕೂಡ ಅದೇ. ಆದರೆ ಚಿತ್ರಮಂದಿರಕ್ಕೆ ಬಂದ ಆವೃತ್ತಿಯಲ್ಲಿ ಆ ಪತ್ರಿಕೆಯವನೂ ಹುಡುಗನೂ ಒಂದು ಕ್ಷಣ ಬಂದು ಸುಟ್ಟುಹೋಗುತ್ತಾರೆ. ಚೌಕಟ್ಟನ್ನು ನಕಲು ಮಾಡಬಹುದು, ಹಂದರವನ್ನು ಮುರಿಯುವ ಆ ಆಘಾತವನ್ನು ಹೇಗೆ ನಕಲು ಮಾಡುವುದು? ಸಿನಿಮಾದ ಪರದೆ ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆ. ತನ್ನ ಹೆಸರನ್ನು ಸಿನಿಮಾದಲ್ಲಿ ಹಾಕಬೇಡಿ ಎಂದು ಮೂರ್ ಪಟ್ಟು ಹಿಡಿದರು. ಹೆಸರುಗಳ ಪಟ್ಟಿಯಲ್ಲಿ ಗಿಬ್ಬನ್ಸ್ ಒಬ್ಬರೇ ಇದ್ದಾರೆ.

ಹಾದಿಹೋಕ

ಕೊನೆಯನ್ನು ಸಿನಿಮಾ ಸರಿಪಡಿಸಿತು ಎಂದೇ ನನ್ನ ಅನಿಸಿಕೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಜಗಳ ನಿಲ್ಲಿಸಲು ಹೂಡುವ ಸಂಚಿಗೆ ಕಾಮಿಕ್ಸ್‌ನಲ್ಲಿ ಎಲ್ಲಿಂದಲೋ ಬಂದು ಬೀಳುವ ದೈತ್ಯ ಆಕ್ಟೋಪಸ್‌ನಂಥ ಜೀವಿ. ಸಿನಿಮಾದಲ್ಲಿ ಅತಿಮಾನುಷ ಶಕ್ತಿಯ ಡಾಕ್ಟರ್ ಮ್ಯಾನ್‌ಹಟನ್ ಮೇಲೆ ಅಪವಾದ ಬರುವ ಸ್ಫೋಟ. ಕಥೆಯೊಳಗಿನ ಪಾತ್ರವೇ ಆದ್ದರಿಂದ ಕೊಂಡಿ ಕೂಡುತ್ತದೆ.

ಒಂಬತ್ತು ಮನೆ

ಕೊಂಡಿ ಕೂಡುತ್ತದೆ, ತರ್ಕ ಕೂಡುವುದಿಲ್ಲ. ಮ್ಯಾನ್‌ಹಟನ್ ಅಮೆರಿಕದ ಕೈಯಲ್ಲಿದ್ದ ಅಸ್ತ್ರ. ಅವನು ಮಾಸ್ಕೋವನ್ನು ಸುಟ್ಟ ಎಂದಾದರೆ ಸೋವಿಯತ್ ಒಕ್ಕೂಟ ಅಮೆರಿಕದ ಕೈ ಕುಲುಕುತ್ತದೆಯೇ, ಕೊರಳು ಹಿಡಿಯುತ್ತದೆಯೇ? ಯಾರಿಗೂ ಸೇರದ, ಯಾರೂ ಊಹಿಸದ ಜೀವಿಯೇ ಬೇಕಿತ್ತು. ಎರಡು ಬೀದಿಯವರು ಜಗಳ ಬಿಟ್ಟು ಒಂದಾಗುವುದು ಚಿರತೆ ಬಂದಾಗ, ಒಂದು ಬೀದಿಯವರ ನಾಯಿ ಕಚ್ಚಿದಾಗಲ್ಲ.

ಕತ್ತರಿ ಕೆಲಸ

ಸ್ನೈಡರ್ ಹೆಸರು ಬಂದದ್ದಕ್ಕೆ ಒಂದು ಮಾತು, ಜಗಳಕ್ಕಲ್ಲ. 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಸೂಪರ್‌ಮ್ಯಾನ್ ಖಳನಾಯಕ ಜಾಡ್‌ನ ಕತ್ತು ಮುರಿದಾಗ ‘ಸೂಪರ್‌ಮ್ಯಾನ್ ಕೊಲ್ಲುವುದಿಲ್ಲ’ ಎಂದು ಎಲ್ಲರೂ ಹುಯಿಲೆಬ್ಬಿಸಿದರು. ಕಾಮಿಕ್ಸ್‌ನಲ್ಲೂ ಕೊಂದಿದ್ದಾನೆ. 1988ರಲ್ಲಿ ಜಾನ್ ಬರ್ನ್ ಮಾಡಿದ ‘ಸೂಪರ್‌ಮ್ಯಾನ್’ 22ನೆಯ ಸಂಚಿಕೆಯಲ್ಲಿ ಜಾಡ್ ಸೇರಿ ಮೂವರಿಗೆ, ತನ್ನ ಕುಲದವರಿಗೆ ವಿಷವಾದ ಕ್ರಿಪ್ಟೊನೈಟ್ ಕಲ್ಲಿನಿಂದ ಮರಣದಂಡನೆ ಕೊಡುತ್ತಾನೆ. ಆದರೆ ಆ ಪಾಪ ತಿಂಗಳುಗಟ್ಟಲೆ ಅವನನ್ನು ಬಿಡುವುದಿಲ್ಲ. ಬುದ್ಧಿ ಸ್ಥಿಮಿತ ತಪ್ಪುತ್ತದೆ, ಕೊನೆಗೆ ಭೂಮಿಯನ್ನೇ ಬಿಟ್ಟು ಬಾಹ್ಯಾಕಾಶಕ್ಕೆ ತಾನೇ ಗಡೀಪಾರಾಗಿ ಹೋಗುತ್ತಾನೆ. ಸಿನಿಮಾದಲ್ಲಿ ಒಂದು ಚೀರಾಟ, ಪ್ರೇಯಸಿ ಲೋಯಿಸ್‌ಳ ತೋಳು. ಸ್ವಲ್ಪ ಹೊತ್ತಿಗೆಲ್ಲ ಅವನು ಸೇನಾಧಿಕಾರಿಯ ಜೊತೆ ತಮಾಷೆ ಮಾಡುತ್ತಾನೆ, ಪತ್ರಿಕಾ ಕಚೇರಿಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಕೊಂದದ್ದರಲ್ಲಿ ವ್ಯತ್ಯಾಸ ಇಲ್ಲ. ಕೊಂದ ಮೇಲೆ ಕೊಟ್ಟ ದಿನಗಳಲ್ಲಿ ಇದೆ. ಎರಡು ಗಂಟೆ ಚಿಲ್ಲರೆಯಲ್ಲಿ ಸೂತಕ ಕಳೆಯುವಷ್ಟು ಜಾಗ ಎಲ್ಲಿದೆ?

ಹಿಮ್ಮುಖ

ಎಲ್ಲರೂ ಕಾಮಿಕ್ಸ್ ಮೂಲ, ಸಿನಿಮಾ ನಕಲು ಎಂದು ಹಿಡಿದುಕೊಂಡೇ ಮಾತನಾಡುತ್ತಿದ್ದೀರಿ. ನೀರು ಎರಡೂ ಕಡೆ ಹರಿದಿದೆ.

1938ರ ಮೊದಲ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ನೆಗೆಯುತ್ತಿದ್ದ. ಹಾರಾಟ ಗಟ್ಟಿಯಾದದ್ದು ರೇಡಿಯೋ ಧಾರಾವಾಹಿ ಮತ್ತು 1941ರಲ್ಲಿ ಶುರುವಾದ ಫ್ಲೈಶರ್ ಆನಿಮೇಷನ್ ಚಿತ್ರಗಳ ಕಾಲದಲ್ಲಿ. ಕ್ರಿಪ್ಟೊನೈಟ್ ಜನರಿಗೆ ಮೊದಲು ಕೇಳಿಸಿದ್ದು 1943ರ ರೇಡಿಯೋದಲ್ಲಿ. ಎದೆಯ ಮೇಲಿನ ‘ಎಸ್’ ಅವನ ಮನೆತನದ ಲಾಂಛನ ಎಂದಾದದ್ದು 1978ರ ಸಿನಿಮಾದಿಂದ. ಬ್ಯಾಟ್‌ಮ್ಯಾನ್‌ನ ಮನೆಯಾಳು ಆಲ್‌ಫ್ರೆಡ್ ಕಾಮಿಕ್ಸ್‌ಗೆ ಬಂದಾಗ ದಢೂತಿ ಮನುಷ್ಯ. 1943ರ ಸಿನಿಮಾ ಸರಣಿಯಲ್ಲಿ ಆ ಪಾತ್ರ ಮಾಡಿದ ನಟ ತೆಳ್ಳಗಿದ್ದ, ಸಣ್ಣ ಮೀಸೆ ಬಿಟ್ಟಿದ್ದ. ಕಾಮಿಕ್ಸ್‌ನ ಆಲ್‌ಫ್ರೆಡ್ ರಜೆಗೆ ಹೋಗಿ ಮೈ ಇಳಿಸಿಕೊಂಡು, ಮೀಸೆ ಬಿಟ್ಟುಕೊಂಡು ವಾಪಸು ಬಂದ! ಬ್ಯಾಟ್‌ಮ್ಯಾನ್ ಕಥೆಗಳ ಹಾರ್ಲಿ ಕ್ವಿನ್ ಹುಟ್ಟಿದ್ದು 1992ರ ಟಿವಿ ಆನಿಮೇಷನ್‌ನಲ್ಲಿ.

ಎಲ್ಲಕ್ಕಿಂತ ಚೆಂದದ್ದು ಮಾರ್ವೆಲ್‌ನ ಗೂಢಚಾರರ ಮುಖ್ಯಸ್ಥ ನಿಕ್ ಫ್ಯೂರಿಯದು. 2002ರ ‘ದಿ ಅಲ್ಟಿಮೇಟ್ಸ್’ ಕಾಮಿಕ್ಸ್‌ನಲ್ಲಿ ಬ್ರಯನ್ ಹಿಚ್ ಅವನನ್ನು ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಮುಖ ಕೊಟ್ಟು ಬರೆದರು. ಆರು ವರ್ಷದ ಮೇಲೆ ಜಾಕ್ಸನ್ ತಾವೇ ಬಂದು ಆ ಪಾತ್ರ ಮಾಡಿದರು. ಯಾರು ಯಾರನ್ನು ಅನುಸರಿಸಿದಂತಾಯಿತು?

‘ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆ’ ಎಂಬ ಮಾತು ಪೀಟರ್‌ನನ್ನು ಸಾಕಿದ ಬೆನ್ ಪಾರ್ಕರ್ ಹೇಳಿದ್ದು ಎಂದು ಎಲ್ಲರೂ ಎದೆ ತಟ್ಟಿ ಹೇಳುತ್ತೀರಿ. ಇಂಗ್ಲಿಷಿನವರಿಗೆ ಅವರು ಬರೀ ಅಂಕಲ್, ನಮ್ಮ ಲೆಕ್ಕದಲ್ಲಿ ದೊಡ್ಡಪ್ಪ. 1962ರ ಆ ಮೊದಲ ಕಥೆಯನ್ನು ತೆಗೆದು ನೋಡಿ. ಆ ಮಾತು ಕೊನೆಯ ಚೌಕಟ್ಟಿನಲ್ಲಿ ನಿರೂಪಕನ ಸಾಲಾಗಿ ಬರುತ್ತದೆ, ಕತ್ತಲ ಬೀದಿಯಲ್ಲಿ ಹುಡುಗ ದೂರ ನಡೆದುಹೋಗುತ್ತಿರುವಾಗ. ದೊಡ್ಡಪ್ಪ ಆ ಹೊತ್ತಿಗೆ ಸತ್ತಿದ್ದಾರೆ. 2002ರ ಸಿನಿಮಾ ಅದನ್ನು ಕಾರಿನೊಳಗೆ ಅವರ ಬಾಯಲ್ಲಿ ಹೇಳಿಸಿತು, 2021ರ ‘ನೋ ವೇ ಹೋಮ್’ ಸಾಯುವ ಹೊತ್ತಿನಲ್ಲಿ ಮೇ ದೊಡ್ಡಮ್ಮನ ಬಾಯಲ್ಲಿ ಹೇಳಿಸಿತು.

ಡೆಂಕಾಲಿಯ ನಿವಾಸಿ

ನಿಮ್ಮೆಲ್ಲರಿಗಿಂತ ವಯಸ್ಸಿನಲ್ಲಿ ಹಿರಿಯ. ನನ್ನ ಸೂಪರ್‌ಹೀರೋ ಫ್ಯಾಂಟಮ್. ಇಂದ್ರಜಾಲ್ ಕಾಮಿಕ್ಸ್ 1964ರಲ್ಲಿ ಶುರುವಾಯಿತು, ನಾನು ಓದಿದ್ದು ಎಪ್ಪತ್ತರ ದಶಕದಲ್ಲಿ, ಸೋದರಮಾವನ ಪೆಟ್ಟಿಗೆಯಿಂದ ಕದ್ದು. ಅವನ ಕಾಡು ಡೆಂಕಾಲಿಯಲ್ಲಿ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಲೀ ಫಾಕ್ ಬರೆದ ಮೂಲದಲ್ಲಿ ಅದು ಬಂಗಾಲ್ಲಾ. ಬಂಗಾಳ ಎಂದು ಕೇಳೀತು ಎಂದು ನಮ್ಮಲ್ಲಿ ಬದಲಿಸಿದರಂತೆ. ಸಿಂಗ್ ಕಡಲ್ಗಳ್ಳರು ಸಿಂಗಾ ಆದದ್ದೂ ಹಾಗೆಯೇ.

1996ರ ಸಿನಿಮಾ ಬಂದಾಗ ನೇರಳೆ ಉಡುಪಿನವನನ್ನು ನೋಡಿ ಖುಷಿಪಟ್ಟೆ. ಬಂಗಾಲ್ಲಾ ಎಂದದ್ದು ಕೇಳಿ ‘ತಪ್ಪು ಹೇಳುತ್ತಿದ್ದಾರೆ’ ಎಂದು ಪಕ್ಕದವರಿಗೆ ಜೋರಾಗಿಯೇ ಹೇಳಿದೆ. ಈಗ ನೆನೆದರೆ ನಾಚಿಕೆ. ತಪ್ಪು ಹೇಳುತ್ತಿದ್ದವನು ನಾನು.

ಕಿಟ್ಟಿಯ ವಕೀಲೆ

ಸರ್, ನಿಮ್ಮ ಮಟ್ಟಿಗೆ ಡೆಂಕಾಲಿಯೇ ಸರಿ. ಪಟ್ಟು ಬಿಡಬೇಡಿ.

ತಡವಾಗಿ ಓದಿದವನು

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ‘ಕತ್ತರಿ ಕೆಲಸ’ ಅವರು ಹೇಳಿದ್ದನ್ನು ಮನೆಯಲ್ಲಿ ಪರೀಕ್ಷೆ ಮಾಡಿದೆ. ಅಕ್ಕನ ಮಗಳು ಭಾನುವಾರ ಬಂದಿದ್ದಳು, ಏಳನೆಯ ತರಗತಿ. ಸಿನಿಮಾದ ಗ್ವೆನ್ ಅವಳಿಗೆ ಗೊತ್ತು. ‘ನೋ ವೇ ಹೋಮ್’ನಲ್ಲಿ 2014ರ ಸ್ಪೈಡರ್‌ಮ್ಯಾನ್ ಆಗಿದ್ದ ಆಂಡ್ರ್ಯೂ ಗಾರ್‌ಫೀಲ್ಡ್, ಬೀಳುತ್ತಿರುವ ಇನ್ನೊಬ್ಬ ಪೀಟರ್‌ನ ಗೆಳತಿ ಎಂಜೆಯನ್ನು ಹಿಡಿದು ನೆಲಕ್ಕಿಳಿಸಿ ಕಣ್ಣು ತುಂಬಿಕೊಳ್ಳುವುದು ಯಾಕೆ ಎಂದೂ ಗೊತ್ತು. 121ನೆಯ ಸಂಚಿಕೆಯನ್ನು ಅವಳ ಕೈಗೆ ಕೊಟ್ಟು ಏನೂ ಹೇಳದೆ ಕೂತೆ.

ಆ ಪುಟಕ್ಕೆ ಬಂದಳು. ಚಕ್ಕುಲಿ ಕಡಿಯುತ್ತ ಓದಿದಳು. ಸದ್ದು ಬರೆದಿರುವ ಚೌಕಟ್ಟಿನ ಮೇಲೆ ಕಣ್ಣು ಹಾಯಿಸಿ ಪುಟ ತಿರುಗಿಸಿಬಿಟ್ಟಳು. ನನಗೆ ಹೇಳಿಬಿಡಬೇಕು ಎಂದು ನಾಲಗೆಯ ತುದಿಯವರೆಗೆ ಬಂತು, ತಡೆದುಕೊಂಡೆ. ಕೊನೆಯ ಪುಟದಲ್ಲಿ ಕಥೆಯ ಹೆಸರು ಓದಿ ‘ಮಾವ, ಇದನ್ನು ಇಲ್ಲಿ ಯಾಕೆ ಹಾಕಿದ್ದಾರೆ?’ ಎಂದು ಕೇಳಿದಳು. ಆಮೇಲೆ ಪುಸ್ತಕ ಮುಚ್ಚಿ, ಬೆರಳು ಒರೆಸಿಕೊಂಡು, ಮತ್ತೆ ತೆರೆದು ಹಿಂದಕ್ಕೆ ತಿರುಗಿಸತೊಡಗಿದಳು.

ಅಷ್ಟರಲ್ಲಿ ಅಕ್ಕ ಬಸ್ಸಿಗೆ ಹೊತ್ತಾಯಿತು ಎಂದು ಕರೆದಳು. ಪುಸ್ತಕವನ್ನು ಹುಡುಗಿಯೇ ತೆಗೆದುಕೊಂಡು ಹೋಗಿದ್ದಾಳೆ. ಮುಂದಿನ ಸಂಚಿಕೆ ಯಾರ ಬಳಿಯಾದರೂ ಇದ್ದರೆ ತಿಳಿಸಿ.